ಒಂದೇ ಗೇರಿನಲ್ಲಿ ಟಸ್ಸಿ ಬೆಟ್ಟ

ರೇಸಿನ ಹಿಂದಿನ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಎರಡು ಹಲ್ಲುಚಕ್ರ ಇಟ್ಟುಕೊಂಡು ಕೂತಿದ್ದೆ. ಒಂದಕ್ಕೆ 20 ಹಲ್ಲು, ಇನ್ನೊಂದಕ್ಕೆ 21. ಸೈಕಲ್ಲಿನ ಹಿಂದಿನ ಗಾಲಿ ಗೋಡೆಗೆ ಒರಗಿತ್ತು. ಗಂಟೆ ಹತ್ತೂವರೆ. ಹೆಂಡತಿ ನೀರು ಕುಡಿಯೋಕೆ ಬಂದವಳು, "ಒಂದು ಹಲ್ಲಿಗೆ ಇಷ್ಟೊಂದು ಯೋಚನೆನಾ?" ಅಂದಳು.

ಹೌದು, ಒಂದು ಹಲ್ಲಿಗೇ. ಸಿಂಗಲ್‌ಸ್ಪೀಡ್ ಸೈಕಲ್ಲಿನಲ್ಲಿ ಮುಂದೆ ಒಂದು ಹಲ್ಲುಚಕ್ರ, ಹಿಂದೆ ಒಂದು, ನಡುವೆ ಚೈನು. ಅಷ್ಟೇ. ಬೆಳಿಗ್ಗೆ ಯಾವ ಗೇರು ಹಾಕಿಕೊಂಡು ಹೊರಟೆವೋ ಮುಗಿಸೋವರೆಗೂ ಅದೇ. ನನ್ನ ಸೈಕಲ್ಲಿಗೆ ಮುಂದೆ 32 ಹಲ್ಲು. ಹಿಂದೆ 20 ಹಾಕಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ 29 ಇಂಚಿನ ಗಾಲಿ ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. 21 ಹಾಕಿದರೆ 3.5 ಮೀಟರ್, ತುಳಿಯೋಕೆ ಅಷ್ಟು ಹಗುರ. ವ್ಯತ್ಯಾಸ ಒಂದು ಗೇಣಿನಷ್ಟೂ ಇಲ್ಲ. ಆದರೆ ಕಡಿದಾದ ಏರಿನಲ್ಲಿ ತೊಡೆ ಉರಿಯುವಾಗ ಆ ಗೇಣು ಚೆನ್ನಾಗಿ ಗೊತ್ತಾಗುತ್ತದೆ. ಹಾಗಂತ ಹಗುರ ಗೇರು ಹಾಕಿಕೊಂಡರೆ ಸಮತಟ್ಟಾದ ಜಾಗದಲ್ಲಿ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ಲು ಮಾತ್ರ ಮುಂದೆ ಹೋಗೋದಿಲ್ಲ. 12 ಗೇರಿನ ಸೈಕಲ್ಲಿನವನಿಗೆ ಈ ಚಿಂತೆಯೇ ಇಲ್ಲ. ಅವನ ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ 1.4 ಮೀಟರ್. ಅಜ್ಜನ ಹೆಜ್ಜೆಯ ಹಾಗೆ ನಿಧಾನಕ್ಕೆ, ಕೂತುಕೊಂಡೇ ಬೆಟ್ಟ ಹತ್ತಬಹುದು.

ಆ ರಾತ್ರಿ 20ನ್ನೇ ಹಾಕಿದೆ. ಮಳೆ ಬರುತ್ತಿತ್ತು. ಒದ್ದೆ ಕಲ್ಲಿನ ಮೇಲೆ ಹಗುರ ಗೇರಿನಲ್ಲಿ ತುಳಿದರೆ ಹಿಂದಿನ ಗಾಲಿ ಜಾಸ್ತಿ ಜಾರುತ್ತದೆ ಅನ್ನೋದು ನನ್ನ ಲೆಕ್ಕ. ಆ ಲೆಕ್ಕ ಅರ್ಧ ಸರಿ, ಅರ್ಧ ತಪ್ಪಾಯಿತು.

ನಾನಿರೋದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮಧ್ಯಭಾಗದಲ್ಲಿ, ಸ್ಟೇಟ್ ಕಾಲೇಜ್ ಅನ್ನೋ ಊರಿನ ಹತ್ತಿರ. ಊರಿನ ಬೆನ್ನಿಗೇ ಟಸ್ಸಿ ಬೆಟ್ಟಸಾಲು. ಅದರ ಮೇಲೂ ಆಚೆಗೂ ರಾಥ್‌ರಾಕ್ ಅರಣ್ಯ. ಈ ಹೆಸರು ಜೋಸೆಫ್ ರಾಥ್‌ರಾಕ್ ಅನ್ನುವ ವೈದ್ಯರದ್ದು. ಗಿಡಮರದ ಹುಚ್ಚಿದ್ದ ಅವರು ಈ ರಾಜ್ಯದ ಮೊದಲ ಅರಣ್ಯ ಕಮಿಷನರ್ ಆದರು. ಅವರ ಕಾಲಕ್ಕೆ ಕಬ್ಬಿಣದ ಕುಲುಮೆಗಳಿಗೆ ಇದ್ದಿಲು ಸುಡಲು, ಮರದ ವ್ಯಾಪಾರಕ್ಕೆ ಈ ಬೆಟ್ಟಗಳನ್ನು ಪೂರಾ ಬೋಳಿಸಿದ್ದರು. ಈಗಿರುವುದು ಮತ್ತೆ ಬೆಳೆದ ಕಾಡು. ದಾರಿ ಬದಿಯಲ್ಲಿ ಅಲ್ಲಲ್ಲಿ ದುಂಡಗೆ ಸಮ ಮಾಡಿದ ಜಾಗ ಸಿಗುತ್ತದೆ. ಷೂನಲ್ಲಿ ಕೆರೆದರೆ ಮಣ್ಣು ಕಪ್ಪಗೆ. ಇದ್ದಿಲು ಸುಟ್ಟ ಜಾಗಗಳು ಅವು. ಸುಸ್ತಾದಾಗ ನಾನು ಕೂರೋದು ಅಲ್ಲೇ, ಇಡೀ ಬೆಟ್ಟದಲ್ಲಿ ಕಲ್ಲಿಲ್ಲದ ಜಾಗ ಅಂದರೆ ಹೆಚ್ಚುಕಡಿಮೆ ಅದೊಂದೇ.

ಕಲ್ಲಿನ ಬಗ್ಗೆ ಹೇಳಲೇಬೇಕು. ಇಲ್ಲಿನ ಬೆಟ್ಟದ ನೆತ್ತಿಯೆಲ್ಲ ಟಸ್ಕರೋರಾ ಅನ್ನೋ ಮರಳುಗಲ್ಲು. 40 ಕೋಟಿ ವರ್ಷಕ್ಕೂ ಹಳೆಯದು, ಉಕ್ಕಿನ ಹಾಗೆ ಗಟ್ಟಿ. ಹಿಮಯುಗದಲ್ಲಿ ನೀರು ಕಲ್ಲಿನ ಬಿರುಕಿಗೆ ಇಳಿದು, ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಬಂಡೆಗಳನ್ನು ಒಡೆದು ಹಾಕಿದೆ. ಒಡೆದ ತುಂಡುಗಳು ಫ್ರಿಜ್‌ನಷ್ಟು, ಕುಕ್ಕರ್‌ನಷ್ಟು, ಇಟ್ಟಿಗೆಯಷ್ಟು ದೊಡ್ಡವಾಗಿ ಇಡೀ ಇಳಿಜಾರಿನ ಮೇಲೆ ಹರಡಿಕೊಂಡಿವೆ. ನಮ್ಮ ಮಲೆನಾಡಿನ ಜಂಬಿಟ್ಟಿಗೆಯ ಹಾಗೆ ಇವು ಸವೆಯೋದಿಲ್ಲ, ಅಂಚು ಚೂಪಾಗೇ ಉಳಿದಿದೆ. ದಾರಿ ಅಂದರೆ ಆ ಕಲ್ಲುಗಳ ಮೇಲೇ ದಾರಿ. ಕಿಲೋಮೀಟರ್‌ಗಟ್ಟಲೆ ಗಾಲಿ ಮಣ್ಣು ಮುಟ್ಟೋದೇ ಇಲ್ಲ ಅನ್ನೋ ಕಡೆಗಳೂ ಇವೆ. ವೈಲ್ಡರ್ನೆಸ್ 101 ಅನ್ನೋ 101 ಮೈಲಿಯ ರೇಸು, ಟ್ರಾನ್ಸ್-ಸಿಲ್ವೇನಿಯಾ ಎಪಿಕ್ ಅನ್ನೋ ಹಲವು ದಿನಗಳ ರೇಸು ಹೆಸರು ಮಾಡಿದ್ದು ಈ ಕಾಡಿನ ದಾರಿಗಳಿಂದಲೇ. ನಾನು ಓಡಿಸಿದ್ದು ಅವುಗಳ ಮುಂದೆ ಸಣ್ಣದು. ಜೂನ್ ತಿಂಗಳಲ್ಲಿ ಇಲ್ಲಿನ ಸೈಕಲ್ ಬಳಗದವರೇ ಸೇರಿ ಮಾಡುವ 40 ಮೈಲಿಯ ರೇಸು. ಕಿಲೋಮೀಟರ್ ಲೆಕ್ಕದಲ್ಲಿ 64.

ಒಂದೇ ಗೇರಿಗೆ ಬಂದದ್ದು ಒಂದು ಅಪಘಾತದಿಂದ. ಎರಡು ವರ್ಷದ ಹಿಂದೆ ನನ್ನ ಹತ್ರ ಗೇರಿನ ಸೈಕಲ್ಲೇ ಇತ್ತು. ಒಂದು ಶನಿವಾರ ಇದೇ ಬೆಟ್ಟದಲ್ಲಿ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಕಲ್ಲಿಗೆ ಬಡಿದು, ಅದು ನೇತಾಡುವ ಕೊಂಡಿಯೇ ಮುರಿದು ಗಾಲಿಯ ಕಡ್ಡಿಗಳೊಳಗೆ ಹೋಯಿತು. ಮನೆ 14 ಕಿಲೋಮೀಟರ್ ದೂರ. ಫೋನಿಗೆ ಸಿಗ್ನಲ್ ಇಲ್ಲ. ಜೊತೆಗಿದ್ದವರು ಅರವತ್ತು ದಾಟಿದ ಒಬ್ಬರು, ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತರಾದವರು. ಒಂದು ಮಾತೂ ಆಡದೆ ಚೀಲದಿಂದ ಚೈನ್ ಕಟ್ಟರ್ ತೆಗೆದರು. ಮುರಿದ ಡಿರೇಲರ್ ಬಿಚ್ಚಿ ಪಕ್ಕಕ್ಕಿಟ್ಟರು. ಚೈನನ್ನು ಮಧ್ಯದ ಒಂದು ಹಲ್ಲುಚಕ್ರದ ಮೇಲೆ ನೇರ ಕೂರಿಸಿ, ಎಷ್ಟು ಬೇಕೋ ಅಷ್ಟಕ್ಕೆ ಕತ್ತರಿಸಿ ಕೊಂಡಿ ಹಾಕಿದರು. ಹತ್ತು ನಿಮಿಷ. "ಹೋಗು, ಈಗ ನಿನ್ನದೂ ನನ್ನದೂ ಒಂದೇ ಥರ" ಅಂದರು. ಅವರು ಸುಮಾರು ಇಪ್ಪತ್ತು ವರ್ಷದಿಂದ ಸಿಂಗಲ್‌ಸ್ಪೀಡ್ ಸವಾರರು.

ಆ 14 ಕಿಲೋಮೀಟರ್ ನಾನು ಮರೆಯೋದಿಲ್ಲ. ಕರಕರ ಸದ್ದಿಲ್ಲ. ಚೈನು ಫ್ರೇಮಿಗೆ ಹೊಡೆಯೋದಿಲ್ಲ. ಬೆರಳಿಗೆ ಕೆಲಸ ಇಲ್ಲ. ಕಾಡಿನ ಸದ್ದು ಕೇಳಿಸಿತು, ಟೈರು ಕಲ್ಲನ್ನು ಹಿಡಿಯುವ ಸದ್ದು ಕೇಳಿಸಿತು. ಚಿಕ್ಕಂದಿನಲ್ಲಿ ಸಾಗರದ ಹತ್ತಿರ ನಮ್ಮೂರಲ್ಲಿ ಅಪ್ಪನ ಅಟ್ಲಾಸ್ ಸೈಕಲ್ಲಿಗೆ ಒಳಗಾಲು ಹಾಕಿ ಕಲಿತದ್ದು ನೆನಪಾಯಿತು. ಆಗ ಊರಲ್ಲಿದ್ದ ಸೈಕಲ್ಲುಗಳೆಲ್ಲ ಒಂದೇ ಗೇರಿನವು. ಅದಕ್ಕೊಂದು ಹೆಸರಿದೆ ಅಂತ ಕೂಡ ಗೊತ್ತಿರಲಿಲ್ಲ. ಮುಂದಿನ ತಿಂಗಳೇ ಗೇರಿನ ಸೈಕಲ್ ಮಾರಿ ಸಿಂಗಲ್‌ಸ್ಪೀಡ್ ತಗೊಂಡೆ. ಉಕ್ಕಿನ ಫ್ರೇಮು, ಮುಂದೆ ಮಾತ್ರ ಸಸ್ಪೆನ್ಷನ್.

ಏರಿಗೇ ಕಷ್ಟ ಅಂತ ನಾನಂದುಕೊಂಡಿದ್ದೆ. ಏರು ಕಷ್ಟವೇ, ಇಲ್ಲ ಅನ್ನೋದಿಲ್ಲ. ಆದರೆ ಒಂದೇ ಗೇರಿನಲ್ಲಿ ಕಲ್ಲುದಾರಿ ಓಡಿಸೋಕೆ ಮೊದಲು ಕಲಿಯಬೇಕಾದ್ದು ಬ್ರೇಕಿನ ಪಾಠ.

ಅದು ನನಗೆ ಅರ್ಥವಾದದ್ದು ಒಂದು ನಲವತ್ತು ಹೆಜ್ಜೆ ಜಾಗದಲ್ಲಿ. ಟಸ್ಸಿ ರಿಜ್ ದಾರಿಯಲ್ಲಿ ಒಂದು ಚೆಸ್ಟ್‌ನಟ್ ಓಕ್ ಮರ ಇದೆ, ತೊಗಟೆ ಮೊಸಳೆ ಬೆನ್ನಿನಷ್ಟು ಒರಟು. ಅದರ ಬುಡದಿಂದ ಆ ಜಾಗ ಶುರು. ಮೊದಲು ಅಕ್ಕಪಕ್ಕ ಮಲಗಿದ ಎರಡು ಉದ್ದ ಕಲ್ಲು, ನಡುವೆ ನಾಲ್ಕು ಬೆರಳಗಲದ ಸಂದು. ಮುಂದಿನ ಗಾಲಿ ಅದರಲ್ಲಿ ಸಿಕ್ಕಿದರೆ ಮುಗೀತು. ಅದನ್ನು ದಾಟಿದ ಕೂಡಲೇ ಆಮೆ ಚಿಪ್ಪಿನಂಥ ಒಂದು ಉಬ್ಬು. ಆಮೇಲೆ ಮೂರು ಮೆಟ್ಟಿಲು. ಮೂರನೆಯದು ಮೊಣಕಾಲಿನ ಹತ್ತಿರ ಬರುತ್ತದೆ. ಅದರ ಮೇಲೆ ಎಡಕ್ಕೆ ವಾಲಿದ ಒಂದು ಚಪ್ಪಡಿ. ಕೊನೆಗೆ ಒಂದು ಸಡಿಲ ಕಲ್ಲು. ಗಾಲಿ ಏರಿದಾಗ ಅದು 'ಕಟಕ್' ಅಂತ ಒಂದು ಸಲ ಅಲ್ಲಾಡುತ್ತದೆ. ಆ ಕಟಕ್ ಕೇಳಿಸಿತು ಅಂದರೆ ನೀವು ದಾಟಿದಿರಿ ಅಂತ ಅರ್ಥ.

ಒಂಬತ್ತು ಶನಿವಾರ ನನಗೆ ಆ ಸದ್ದು ಕೇಳಿಸಲಿಲ್ಲ. ಪ್ರತಿ ಸಲವೂ ಮೆಟ್ಟಿಲ ಹತ್ತಿರ ನಿಂತುಬಿಡುತ್ತಿದ್ದೆ. ಕಾಲಿನ ಶಕ್ತಿ ಸಾಲದು ಅಂದುಕೊಂಡು ಮನೆಯಲ್ಲಿ ಬಸ್ಕಿ ಹೊಡೆದೆ. ಹತ್ತನೇ ಶನಿವಾರ ಆ ಹಿರಿಯರು ಮರದ ಬುಡದಲ್ಲಿ ಕೂತು ನೋಡಿದರು. "ಎರಡು ಕಲ್ಲಿನ ಸಂದಿನ ಹತ್ರ ನಿನ್ನ ಬೆರಳು ಏನು ಮಾಡ್ತಿದೆ ನೋಡು" ಅಂದರು. ನೋಡಿದೆ. ಬ್ರೇಕು ಹಿಡಿಯುತ್ತಿತ್ತು. ಜಾಸ್ತಿ ಅಲ್ಲ, ಸ್ವಲ್ಪ. ನನಗೇ ಗೊತ್ತಿಲ್ಲದ ಹಾಗೆ. ಅಲ್ಲಿ ಕಳಕೊಂಡ ವೇಗವೇ ಮೂರು ಮೆಟ್ಟಿಲಿನಲ್ಲಿ ಬೇಕಾಗಿದ್ದ ವೇಗ. ಗೇರಿನ ಸೈಕಲ್ಲಾಗಿದ್ದರೆ ಹಗುರ ಗೇರಿಗೆ ಬದಲಿಸಿ ಹೇಗೋ ತುಳಿದು ಹತ್ತುತ್ತಿದ್ದೆ. ಇದರಲ್ಲಿ ಆ ದಾರಿ ಇಲ್ಲ. ಬ್ರೇಕು ಹಿಡಿದಷ್ಟೂ ಸಾಲ. ಆ ಸಾಲವನ್ನು ಮುಂದಿನ ಹತ್ತು ಹೆಜ್ಜೆಯೊಳಗೆ ತೊಡೆಯೇ ತೀರಿಸಬೇಕು.

ಅವರು ನನ್ನ ಎರಡೂ ತೋರುಬೆರಳನ್ನು ಬ್ರೇಕಿನಿಂದ ತೆಗೆಸಿ ಹಿಡಿಕೆಗೆ ಸುತ್ತಿಸಿದರು. ಎದೆ ಢವಢವ ಹೊಡೆಯುತ್ತಿತ್ತು. ಸಂದಿನ ಬಲಗಡೆ ಕಲ್ಲಿನ ಮೇಲೆ ಮುಂದಿನ ಗಾಲಿ ಬಿಟ್ಟೆ. ಆಮೆ ಚಿಪ್ಪಿನ ಮೇಲೆ ಸೈಕಲ್ಲು ತಾನೇ ಎದ್ದಿತು. ಮೆಟ್ಟಿಲಿಗೆ ಬಂದಾಗ ಇನ್ನೂ ವೇಗ ಉಳಿದಿತ್ತು! ಮೂರನೆಯದರಲ್ಲಿ ಮಾತ್ರ ಅರ್ಧ ಪೆಡಲ್ ಹೊಡೆದೆ. ಪೂರಾ ಸುತ್ತು ತುಳಿದರೆ ಪೆಡಲ್ ಕಲ್ಲಿಗೆ ಬಡಿಯುತ್ತದೆ. ಅದಕ್ಕೇ ಕಾಲನ್ನು ಅರ್ಧ ಕೆಳಗೆ ಒತ್ತೋದು, ಹಿಂದಕ್ಕೆ ತಿರುಗಿಸೋದು, ಮತ್ತೆ ಅರ್ಧ ಒತ್ತೋದು. ಹಿಂದಿನ ಗಾಲಿಯ ನಡುವಿನ ಹಬ್ಬು, ಪೆಡಲ್ ಒತ್ತಿದ ಕೂಡಲೇ ಬೇಗ ಕಚ್ಚಿಕೊಳ್ಳುವಂಥದ್ದಾದರೆ ಈ ಅರ್ಧ ಪೆಡಲ್ಲು ಚೆನ್ನಾಗಿ ಕೆಲಸ ಮಾಡುತ್ತದೆ. ಚಪ್ಪಡಿ ದಾಟಿತು. ಕಟಕ್.

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಯಾಕಂದರೆ ಇದನ್ನು ನನಗೆ ಮೊದಲು ಹೇಳಿದವರು ಅವರೇ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವಾಗ ನಾನು ಮುಂದಿನ ಬಾರಿನ ಮೇಲೆ ಕೂತಿರುತ್ತಿದ್ದೆ. ಹಿಂದೆ ಕ್ಯಾರಿಯರ್‌ನಲ್ಲಿ ಹಾಲಿನ ಕ್ಯಾನು. ಗದ್ದೆ ಬದಿ ಇಳಿಜಾರು, ಕೆಳಗೆ ಹಳ್ಳಕ್ಕೊಂದು ಸಂಕ, ಆಚೆ ಏರು. ಇಳಿಜಾರಿನಲ್ಲಿ ನನಗೆ ಭಯ ಆಗಿ ಬ್ರೇಕು ಹಿಡಿ ಅಂತ ಕೂಗುತ್ತಿದ್ದೆ. "ಈಗ ಹಿಡಿದ್ರೆ ಆಚೆ ಇಳಿದು ನೂಕ್ಬೇಕು ಮಾರಾಯ" ಅನ್ನುತ್ತಿದ್ದರು. ಫೋನಿನಲ್ಲಿ ನೆನಪಿಸಿದೆ. ಅವರಿಗೆ ಆ ಮಾತು ನೆನಪಿರಲಿಲ್ಲ. ಸಂಕ ನೆನಪಿತ್ತು. "ಅದು ಈಗ ಸಿಮೆಂಟಿಂದು ಆಗಿದೆ" ಅಂದರು.

ರೇಸಿನ ದಿನ ಬೆಳಿಗ್ಗೆ ಮಳೆ ನಿಂತಿತ್ತು, ಮರ ತೊಟ್ಟಿಕ್ಕುತ್ತಿತ್ತು. ಬೋಲ್ಸ್‌ಬರ್ಗ್ ಹತ್ತಿರ ಗಾಲ್ಬ್ರೇತ್ ಗ್ಯಾಪ್‌ನಲ್ಲಿ ಎಂಬತ್ತು ಚಿಲ್ಲರೆ ಜನ. ಸಿಂಗಲ್‌ಸ್ಪೀಡ್‌ನವರು 14. ನಮ್ಮದು ಬೇರೆ ವಿಭಾಗ, ಹೊರಡೋದು ಮಾತ್ರ ಎಲ್ಲರ ಜೊತೆ. ಟೈರಿನ ಗಾಳಿ ಮತ್ತೊಮ್ಮೆ ನೋಡಿದೆ. ಗಾಳಿಯ ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕದಲ್ಲಿ ಮುಂದೆ 19, ಹಿಂದೆ 22. ಒಳಗೆ ಟ್ಯೂಬಿಲ್ಲ, ತೂತು ಮುಚ್ಚುವ ಸೀಲೆಂಟ್ ದ್ರವ ಇದೆ, ಹಿಂದಿನ ಟೈರಿಗೆ ರಿಮ್ ಕಾಯಲು ಒಂದು ಫೋಮಿನ ಬಳೆ. ಗಾಳಿ ಕಡಿಮೆಯಾದಷ್ಟೂ ಕಲ್ಲಿನ ಮೇಲೆ ಹಿಡಿತ ಜಾಸ್ತಿ. ತೀರಾ ಕಡಿಮೆಯಾದರೆ ಚೂಪು ಅಂಚು ಟೈರನ್ನೂ ರಿಮ್ಮನ್ನೂ ಒಟ್ಟಿಗೆ ಕತ್ತರಿಸುತ್ತದೆ. ಈ ಕಾಡಿನಲ್ಲಿ ಎರಡು ರಿಮ್ ಕಳಕೊಂಡ ಮೇಲೆ ಸಿಕ್ಕ ಅಂಕಿ ಅದು.

ಮೊದಲ ಮೂರು ಕಿಲೋಮೀಟರ್ ಜಲ್ಲಿ ರಸ್ತೆ. ನಿಮಿಷಕ್ಕೆ 110 ಸುತ್ತು ತುಳಿದರೂ ನನ್ನ ವೇಗ ಗಂಟೆಗೆ 24 ಕಿಲೋಮೀಟರ್ ದಾಟೋದಿಲ್ಲ. ಗೇರಿನವರೆಲ್ಲ ಕಣ್ಣೆದುರೇ ದೂರ ಆದರು. ಇದು ಪ್ರತಿ ರೇಸಿನಲ್ಲೂ ಆಗುತ್ತದೆ. ಸುಮ್ನೆ ಬಿಟ್ಟುಬಿಡಬೇಕು. ಬೆನ್ನಟ್ಟಿ ಹೋದರೆ ಮೊದಲ ಅರ್ಧ ಗಂಟೆಯಲ್ಲೇ ಕಾಲು ಹೋಗುತ್ತದೆ.

ಏರು ಶುರುವಾಯಿತು. ಇಲ್ಲಿ ಆಟ ತಿರುಗುತ್ತದೆ. ಗೇರಿನವರು ಹಗುರ ಗೇರಿಗೆ ಹಾಕಿ ಗಂಟೆಗೆ 6 ಕಿಲೋಮೀಟರ್‌ಗೆ ಇಳಿದರು. ನಾನು ಅಷ್ಟು ನಿಧಾನ ಹೋಗಬೇಕು ಅಂದರೂ ಆಗೋದಿಲ್ಲ. ನಿಮಿಷಕ್ಕೆ 45 ಸುತ್ತಿಗಿಂತ ಕೆಳಗೆ ಹೋದರೆ ಪೆಡಲ್ ಹೂತುಹೋದ ಹಾಗೆ ಆಗುತ್ತದೆ. 45 ಸುತ್ತು ಅಂದರೇ ಗಂಟೆಗೆ 10 ಕಿಲೋಮೀಟರ್. ಸೀಟಿನಿಂದ ಎದ್ದು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಾ, ಇಡೀ ಮೈಭಾರವನ್ನು ಒಂದೊಂದೇ ಪೆಡಲ್ ಮೇಲೆ ಇಳಿಸುತ್ತಾ ಹತ್ತಿದೆ. ಎಡಗಡೆ ಬರ್ತೀನಿ ಅಂತ ಕೂಗಿದರೆ ದಾರಿ ಬಿಡುತ್ತಾರೆ. ಹನ್ನೊಂದು ಜನರನ್ನು ದಾಟಿದೆ. ತೊಡೆಗಿಂತ ಮೊದಲು ಸೋತದ್ದು ಸೊಂಟ ಮತ್ತು ಮುಂಗೈ. ಎಳೆಯುವುದು ಅವೇ ಅಲ್ವಾ!

ನೆತ್ತಿಗೆ ಹತ್ತುವ ಕೊನೆಯ ತುಂಡು ಗೋಡೆಯ ಹಾಗಿದೆ. ಅಲ್ಲಿ ಇಳಿದು ನೂಕಿದೆ. ನನ್ನ ಜೊತೆ ಇನ್ನೂ ನಾಲ್ಕು ಸಿಂಗಲ್‌ಸ್ಪೀಡ್‌ನವರು ನೂಕುತ್ತಿದ್ದರು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಸೀಟಿಗೆ, ಹೆಜ್ಜೆ ಚಿಕ್ಕದು. ನೂಕೋದೂ ರೇಸಿನದೇ ಭಾಗ. ತುಳಿದು ಹತ್ತಿದ ಒಬ್ಬರು ನಮಗಿಂತ ಹತ್ತು ಸೆಕೆಂಡ್ ಮುಂದೆ ನೆತ್ತಿ ಮುಟ್ಟಿ, ಅಲ್ಲೇ ಒಂದು ನಿಮಿಷ ಬಾಗಿ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು.

ಮೇಲೆ ಟಸ್ಸಿ ರಿಜ್. ಮೌಂಟನ್ ಲಾರೆಲ್ ಹೂ ಬಿಟ್ಟಿತ್ತು. ದಾರಿಯ ಎರಡೂ ಕಡೆ ಬಿಳಿ, ನಸುಗುಲಾಬಿ ಗೊಂಚಲು, ಮಳೆ ನೀರಿನ ಭಾರಕ್ಕೆ ಬಾಗಿದ್ದವು. ಭುಜಕ್ಕೆ ತಾಗಿದಾಗೆಲ್ಲ ನೀರು ಚೆಲ್ಲುತ್ತಿದ್ದವು. ಈ ರಾಜ್ಯದ ಹೂವು ಇದು. ನೋಡಬೇಕು ಅಂತ ಆಸೆಯೇ, ಕಣ್ಣು ಮಾತ್ರ ಕಲ್ಲು ಬಿಟ್ಟು ಕದಲುವ ಹಾಗಿಲ್ಲ. ಒಣಗಿದ್ದಾಗ ಇಲ್ಲಿನ ಕಲ್ಲು ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಒದ್ದೆಯಾದರೆ ಮೇಲಿನ ಕಲ್ಲುಹೂವು ಸೋಪಿನ ಹಾಗೆ. ನನ್ನ ನಲವತ್ತು ಹೆಜ್ಜೆ ಬಂತು. ಮರ ಕಂಡ ಕೂಡಲೇ ಬೆರಳು ತಾನಾಗಿ ಹಿಡಿಕೆ ಸುತ್ತಿತು. ಸಂದು, ಆಮೆ, ಮೆಟ್ಟಿಲು, ಚಪ್ಪಡಿಯಲ್ಲಿ ಹಿಂದಿನ ಗಾಲಿ ಒಂದಂಗುಲ ಕೆಳಗೆ ಜಾರಿ ಮತ್ತೆ ಹಿಡಿದುಕೊಂಡಿತು. ಕಟಕ್! ಮುಂದೆ ಇಬ್ಬರು ಸೈಕಲ್ ಎತ್ತಿಕೊಂಡು ನಡೆಯುತ್ತಿದ್ದರು. ಅವರನ್ನು ದಾಟಿ ಹೋದೆ. ಆ ಇಡೀ ದಿನದಲ್ಲಿ ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಯಾವುದೂ ಇಲ್ಲ.

ಸ್ವಲ್ಪ ಮುಂದೆ ಒಬ್ಬ ಹುಡುಗ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸುತ್ತಿದ್ದ. ಮೋಡ ಸರಿದು ಬಿಸಿಲು ಬಂದಿತ್ತು. ಬಿಸಿಲು ಬಿದ್ದ ಚಪ್ಪಡಿಯ ಮೇಲೆ ಒಂದು ಟಿಂಬರ್ ರ‍್ಯಾಟಲ್‌ಸ್ನೇಕ್, ವಿಷದ ಹಾವು, ನನ್ನ ಮುಂಗೈಯಷ್ಟು ದಪ್ಪ. ಒಣಗಿದ ಹುರುಳಿಕಾಯಿ ಗೊಂಚಲು ಅಲ್ಲಾಡಿಸಿದ ಹಾಗೆ ಬಾಲದ ಸದ್ದು. ನಾವು ಐದಾರು ಜನ ಸೈಕಲ್ ಎತ್ತಿ ಗಿಡಗಳ ನಡುವೆ ದೂರ ಬಳಸಿ ಹೋದೆವು. ರೇಸಿನಲ್ಲಿದ್ದೇವೆ ಅಂತ ಯಾರೂ ಅವಸರ ಮಾಡಲಿಲ್ಲ, ಹಾವನ್ನು ಓಡಿಸಲೂ ಹೋಗಲಿಲ್ಲ. ಅದರ ಜಾಗ ಅದು.

ನಾನು ಬಿದ್ದದ್ದು ಆಮೇಲೆ, ಇಳಿಜಾರಿನಲ್ಲಿ.

ಅಂಥ ದೊಡ್ಡ ಜಾಗವೇನಲ್ಲ. ಎರಡು ಕಲ್ಲು, ನಡುವೆ ಒಂದು ಗುಂಡಿ, ಮಳೆನೀರು ತುಂಬಿತ್ತು. ಆಳ ಕಾಣಲಿಲ್ಲ. ಬೆರಳು ಬ್ರೇಕಿಗೆ ಹೋಯಿತು. ಎರಡೂ ಬ್ರೇಕು, ಗಟ್ಟಿಯಾಗಿ. ಮುಂದಿನ ಗಾಲಿ ಗುಂಡಿಗೆ ಇಳಿದು ಎದುರು ಕಲ್ಲಿಗೆ ಒರಗಿ ನಿಂತೇಬಿಟ್ಟಿತು. ಸಮತೋಲ ಹಿಡಿಯಲು ಪೆಡಲ್ ಒತ್ತಿದೆ. ಬಲ ಪೆಡಲ್ಲು ಕಲ್ಲಿಗೆ ಬಡಿದು ಕಿಡಿ ಹಾರಿದ ಹಾಗೆ ಕಂಡಿತು. ನಾನು ಹ್ಯಾಂಡಲ್ ಮೇಲಿಂದ ಬಲಕ್ಕೆ ಹೋಗಿ ಬಿದ್ದೆ. ಮೊಣಕಾಲು, ಮೊಣಕೈ. ಬೇಲಿ ಮುಳ್ಳು ಗೀರಿದ ಹಾಗೆ ಉದ್ದಕ್ಕೆ ಗೀರು, ಆಮೇಲೆ ನಿಧಾನವಾಗಿ ರಕ್ತ. ಹಿಂದೆ ಬಂದ ಪ್ರತಿಯೊಬ್ಬರೂ ವೇಗ ತಗ್ಗಿಸಿ, ಸರಿ ಇದ್ದೀರಾ ಅಂತ ಕೇಳಿದರು. ಹೌದು ಅಂತ ಉತ್ತರ ಬರೋವರೆಗೂ ಯಾರೂ ಮುಂದೆ ಹೋಗಲಿಲ್ಲ. ಈ ಪದ್ಧತಿ ನನಗೆ ತುಂಬಾ ಇಷ್ಟ.

ಎದ್ದು ಸೈಕಲ್ ಹತ್ತಿ ನಾಲ್ಕು ಸುತ್ತು ತುಳಿದೆ, ಚೈನು ಕಳಚಿಕೊಂಡಿತು. ಮತ್ತೆ ಹಾಕಿದೆ, ಮತ್ತೆ ಕಳಚಿತು. ಗೇರಿನ ಸೈಕಲ್ಲಿನಲ್ಲಿ ಚೈನನ್ನು ಬಿಗಿಯಾಗಿ ಎಳೆದಿಡುವುದು ಡಿರೇಲರ್. ಇದರಲ್ಲಿ ಅದಿಲ್ಲ. ಹಿಂದಿನ ಗಾಲಿ ಕೂರುವ ಜಾಗವೇ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಬೇಕಾದಷ್ಟು ಹಿಂದಕ್ಕೆ ಎಳೆದು ಎರಡೂ ಕಡೆ ಬೋಲ್ಟು ಬಿಗಿ ಮಾಡಬೇಕು. ರಾತ್ರಿ ಹಲ್ಲುಚಕ್ರ ಬದಲಿಸಿದಾಗ ಬಲಗಡೆ ಬೋಲ್ಟನ್ನು ನಾನು ಪೂರ್ತಿ ಬಿಗಿ ಮಾಡಿರಲಿಲ್ಲ. ಬಿದ್ದ ಹೊಡೆತಕ್ಕೆ ಗಾಲಿ ಮುಂದಕ್ಕೆ ಜಾರಿತ್ತು.

ಸೈಕಲ್ಲು ತಲೆಕೆಳಗು ಮಾಡಿದೆ. 5 ಎಂ.ಎಂ. ಅಲೆನ್ ಕೀ ಹಿಡಿದರೆ ಕೈ ನಡುಗುತ್ತಿತ್ತು. ಎರಡು ಗಂಟೆ ಕಲ್ಲಿನ ಮೇಲೆ ಹ್ಯಾಂಡಲ್ ಹಿಡಿದ ಕೈ, ಬೋಲ್ಟಿನ ತಲೆಯೊಳಗೆ ಕೀ ಕೂರಿಸೋಕೇ ಮೂರು ಸಲ ಬೇಕಾಯಿತು. ಕಿವಿಯ ಸುತ್ತ ಸೊಳ್ಳೆ. ಗಾಲಿಯನ್ನು ಎಡಗೈಯಲ್ಲಿ ಹಿಂದಕ್ಕೆ ಎಳೆದು ಹಿಡಿದು ಎಡ ಬೋಲ್ಟು ಬಿಗಿ ಮಾಡಿದೆ. ಟೈರಿನ ಎರಡು ಪಕ್ಕಕ್ಕೂ ಹೆಬ್ಬೆರಳು ತೂರಿಸಿ ನೋಡಿದೆ, ಎರಡೂ ಕಡೆ ಸಮ ಜಾಗ ಇದೆಯಾ ಅಂತ. ಬಲಗಡೆ ಬೋಲ್ಟು ಬಿಗಿ ಮಾಡಿದೆ. ಚೈನಿನ ಮಧ್ಯಕ್ಕೆ ಬೆರಳಿಟ್ಟು ಮೇಲೆ ಕೆಳಗೆ ಒತ್ತಿದೆ. ಒಂದು ಸೆಂಟಿಮೀಟರ್‌ನಷ್ಟು ಆಡಬೇಕು. ತೀರಾ ಬಿಗಿಯಾದರೂ ತೊಂದರೆ, ಪೆಡಲ್ ಒಂದು ಕಡೆ ತಿರುಗುವಾಗ ಹಿಡಿದುಕೊಳ್ಳುತ್ತದೆ. ಪೆಡಲ್ ತಿರುಗಿಸಿ ನಾಲ್ಕು ಕಡೆ ಪರೀಕ್ಷೆ ಮಾಡಿದೆ. ಹನ್ನೆರಡು ನಿಮಿಷ ಹೋಯಿತು. ಏರಿನಲ್ಲಿ ನಾನು ದಾಟಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಹೋಗಿದ್ದನ್ನು ಲೆಕ್ಕ ಹಾಕಿದೆ.

ಆಮೇಲಿನ ಒಂದು ಗಂಟೆ ಚೆನ್ನಾಗಿ ಓಡಿಸಲಿಲ್ಲ. ಬಿದ್ದ ಮೇಲೆ ಹಾಗೇ ಆಗುತ್ತದೆ. ಪ್ರತಿ ಕಲ್ಲಿಗೂ ಬ್ರೇಕು, ಪ್ರತಿ ಬ್ರೇಕಿಗೂ ಎದ್ದು ತುಳಿಯಬೇಕು. 20ರ ಹಲ್ಲುಚಕ್ರ ಈಗ ಭಾರ ಅನಿಸಿತು. ಒದ್ದೆ ಕಲ್ಲಿಗೆ ಅದು ಸರಿ ಅಂದುಕೊಂಡಿದ್ದೆ. ವೇಗ ಉಳಿದಿದ್ದಾಗ ಸರಿಯೇ ಇತ್ತು. ನಿಂತು ನಿಂತು ಹೊರಡುವಾಗ ಆ ಒಂದು ಗೇಣಿನ ಬೆಲೆ ಗೊತ್ತಾಯಿತು.

ನೀರು, ಊಟ ಇಟ್ಟಿದ್ದ ಜಾಗದಲ್ಲಿ ಬೇಯಿಸಿದ ಆಲೂಗಡ್ಡೆಯನ್ನು ಉಪ್ಪಿನಲ್ಲಿ ಹೊರಳಿಸಿ ಕೊಟ್ಟರು. ನಾಲ್ಕು ತಿಂದೆ. ಜೇಬಿನಲ್ಲಿ ನನ್ನದೇ ಹುರಿಗಡಲೆ ಬೆಲ್ಲದ ಉಂಡೆ ಇತ್ತು, ಬಿದ್ದಾಗ ಪುಡಿಯಾಗಿತ್ತು. ಪುಡಿಯನ್ನೇ ಬಾಯಿಗೆ ಸುರಿದುಕೊಂಡೆ. ಅಲ್ಲಿದ್ದ ಹೆಂಗಸೊಬ್ಬರು ಮೊಣಕಾಲಿನ ಗಾಯಕ್ಕೆ ನೀರು ಹಾಕಿ ತೊಳೆದರು. ಮುಂದೆ ಜಾನ್ ವರ್ಟ್ ದಾರಿ, ನೆನಪಿಟ್ಟುಕೋ, ಅಲ್ಲಿ ಬೇರು ತುಂಬಾ ಜಾರುತ್ತದೆ ಅಂದರು.

ನಿಜ. ಬೇರ್ ಮೆಡೋಸ್ ಜೌಗಿನ ಆಚೆಗಿನ ಆ ದಾರಿ ನಕ್ಷೆಯಲ್ಲಿ ಸಮತಟ್ಟು. ಆದರೆ ರೋಡೋಡೆಂಡ್ರಾನ್ ಗಿಡಗಳು ತಲೆಯ ಮೇಲೆ ಸೇರಿ ಗುಹೆಯ ಹಾಗೆ ಆಗಿದೆ, ನಡುಹಗಲಲ್ಲೂ ಮಬ್ಬು. ನೆಲದಲ್ಲಿ ಕಪ್ಪು ಕೆಸರು, ಹೆಣೆದುಕೊಂಡ ಬೇರು, ಬೇರಿನ ನಡುವೆ ಕಲ್ಲು. ಇಳಿಜಾರಿಲ್ಲದ್ದರಿಂದ ವೇಗ ಪುಕ್ಕಟೆ ಸಿಗೋದಿಲ್ಲ. ಕಳಕೊಂಡರೆ ಮತ್ತೆ ಗಳಿಸಬೇಕು. ಅಲ್ಲಿ ಒಬ್ಬ ಸಿಂಗಲ್‌ಸ್ಪೀಡ್ ಹುಡುಗಿ ಹಿಂದಿನಿಂದ ಬಂದಳು. ದಾರಿ ಬಿಟ್ಟೆ. ಅವಳ ಹಿಂದೆಯೇ ಹೋದೆ. ಅವಳ ತೋರುಬೆರಳುಗಳು ಬ್ರೇಕಿನ ಮೇಲೇ ಇದ್ದವು, ಆದರೆ ಒತ್ತುತ್ತಿರಲಿಲ್ಲ. ಬೇರು ಅಡ್ಡ ಬಂದಾಗ ಮುಂದಿನ ಗಾಲಿಯನ್ನು ಒಂದು ಚೂರು ಹಗುರ ಮಾಡಿ ನೇರ ದಾಟುತ್ತಿದ್ದಳು. ತಿರುಗಿಸುತ್ತಿರಲಿಲ್ಲ. ಒದ್ದೆ ಬೇರಿನ ಮೇಲೆ ಹ್ಯಾಂಡಲ್ ತಿರುಗಿಸಿದವರು ಬೀಳುತ್ತಾರೆ. ಅವಳ ಹಿಂದಿನ ಗಾಲಿ ಎಲ್ಲಿ ಹೋಯಿತೋ ಅಲ್ಲೇ ನನ್ನದು. ಅರ್ಧ ಪೆಡಲ್, ಅರ್ಧ ಪೆಡಲ್, ಒಂದು ಪೂರ್ತಿ. ಹತ್ತು ನಿಮಿಷದಲ್ಲಿ ನನ್ನ ಭಯ ಎಲ್ಲೋ ಬಿದ್ದುಹೋಗಿತ್ತು. ಅವಳ ಹೆಸರೂ ಕೇಳಲಿಲ್ಲ, ಏರು ಬಂದ ಕೂಡಲೇ ಮುಂದೆ ಹೋದಳು.

ಕೊನೆಯ ಏರು ಬಿಸಿಲಿನಲ್ಲಿ. ಅರ್ಧ ತುಳಿದೆ, ಅರ್ಧ ನೂಕಿದೆ. ಕಾಲಿನ ಮೀನಖಂಡ ಹಿಡಿದುಕೊಂಡಾಗ ಉಪ್ಪು ನೀರು ಕುಡಿದೆ. ಆ ಭಾಗದ ಬಗ್ಗೆ ಹೇಳಲು ಬೇರೇನೂ ಇಲ್ಲ.

ಕೊನೆಯ ಇಳಿಜಾರಿನಲ್ಲಿ ಹಿಡಿಕೆ ಹಿಡಿದ ಬೆರಳುಗಳು ಸೋತು ಬಿಚ್ಚಿಕೊಳ್ಳುತ್ತಿದ್ದವು. ಬ್ರೇಕು ಹಿಡಿಯಬೇಕು ಅಂದರೂ ಶಕ್ತಿ ಇರಲಿಲ್ಲ, ಹಿಡಿಯಬೇಕು ಅಂತ ಅನಿಸಲೂ ಇಲ್ಲ. ಕೆಳಗೆ ಜಲ್ಲಿ ರಸ್ತೆ ಕಂಡಿತು. ಗಂಟೆ ಬಾರಿಸುತ್ತಿದ್ದರು. 5 ಗಂಟೆ 41 ನಿಮಿಷ. ಹದಿನಾಲ್ಕು ಜನರಲ್ಲಿ ಒಂಬತ್ತನೆಯವನು.

ಹಿರಿಯರು ಮೂರನೆಯವರಾಗಿ ಮುಗಿಸಿ ಬಟ್ಟೆ ಬದಲಿಸಿಕೊಂಡು ಕೂತಿದ್ದರು. ನನ್ನ ಮೊಣಕಾಲು ನೋಡಲಿಲ್ಲ. ಬಗ್ಗಿ ಹಿಂದಿನ ಹಲ್ಲುಚಕ್ರ ನೋಡಿದರು. "20?" ಅಂದರು. "ನಿಮ್ಮದು?" ಅಂದೆ. 21 ಅಂತೆ. ಆಮೇಲೆ ನನ್ನ ನೀರಿನ ಬಾಟಲಿ ಮುಚ್ಚಳ ತೆಗೆದುಕೊಟ್ಟರು. ನನ್ನ ಕೈಗೆ ಅದು ಆಗುತ್ತಿರಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಎಷ್ಟನೇ ನಂಬರ್ ಬಂತು ಅಂತ ಕೇಳಲಿಲ್ಲ. ಬಿದ್ದೆ ಅಂದೆ. "ಇಳಿಜಾರಲ್ಲಾ?" ಅಂದರು. ಹೌದು. "ಮುಂದಿನ ಬ್ರೇಕ್ ಹಿಡಿದ್ಯಾ?" ಹೌದು ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹಿಂದೆ ಅಮ್ಮ ಕಾಫಿ ಲೋಟ ಇಟ್ಟ ಸದ್ದು ಕೇಳಿಸಿತು.

ಮುಂದಿನ ಶನಿವಾರ ಮೊಣಕಾಲು ಮಡಚಲು ಬಂದ ಮೇಲೆ, ಸೈಕಲ್ಲಿಗೆ 21 ಹಾಕಿ, ಬೋಲ್ಟನ್ನು ಎರಡು ಸಲ ನೋಡಿ, ಒಬ್ಬನೇ ಆ ಇಳಿಜಾರಿಗೆ ಹೋದೆ. ಗುಂಡಿಯ ನೀರು ಆರಿತ್ತು. ಆಳ ಒಂದು ಗೇಣೂ ಇರಲಿಲ್ಲ, ಗಾಲಿ ಸಲೀಸಾಗಿ ಉರುಳಿ ಹೋಗುವಷ್ಟು. ಎದುರು ಕಲ್ಲಿನ ಬಲಗಡೆ ನನ್ನ ಪೆಡಲ್ ಬಡಿದ ಗುರುತಿತ್ತು. ಎರಡಂಗುಲ ಉದ್ದದ ಬೆಳ್ಳಿ ಬಣ್ಣದ ಗೀರು. ಪಕ್ಕದಲ್ಲಿ ಬೇರೆ ಯಾರ ಯಾರದೋ ಹಳೇ ಗೀರುಗಳು, ಕೆಲವು ಕಪ್ಪಾಗಿದ್ದವು. ಸೈಕಲ್ಲನ್ನು ಮರಕ್ಕೆ ಒರಗಿಸಿ ಆ ಕಲ್ಲುಗಳ ಮೇಲೆ ಎರಡು ಸಲ ನಡೆದು ನೋಡಿದೆ. ಆಮೇಲೆ ಸೈಕಲ್ ತಗೊಂಡು ಮೇಲಕ್ಕೆ ನೂಕಿಕೊಂಡು ಹೋಗಿ, ತಿರುಗಿಸಿ, ಎರಡೂ ತೋರುಬೆರಳನ್ನು ಹಿಡಿಕೆಗೆ ಸುತ್ತಿದೆ.